ಹಳೆಯ ರೈಫಲ್ಲಿಗೆ ಕಾಲಕ್ಕೊಪ್ಪುವ ಸಲಕರಣೆ

ಪ್ರಶ್ನೆ: ಸೈನ್ಯದಲ್ಲಿದ್ದ ನಮ್ಮ ತಾತನವರಿಂದ ಬಂದ, ಪರವಾನಗಿಯಿರುವ ಹಾಗೂ ಗುಂಡು ಹಾರದಂತೆ ನಿಷ್ಕ್ರಿಯಗೊಳಿಸಿದ 1917ರ ಲೀ ಎನ್‌ಫೀಲ್ಡ್ ಮಾರ್ಕ್ 3 ರೈಫಲ್ ನಮ್ಮ ಮನೆಯಲ್ಲಿದೆ. ಅದಕ್ಕೆ ಆ ಕಾಲದ ಹೆಗಲ ಪಟ್ಟಿ ಮತ್ತು ಬಯೋನೆಟ್ (ನಳಿಗೆಯ ತುದಿಗೆ ಸಿಕ್ಕಿಸುವ ಕತ್ತಿ) ಜೋಡಿಸುವುದು ಹೇಗೆ?
– ಓದುಗರೊಬ್ಬರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ನಿಮ್ಮ ರೈಫಲ್ಲಿಗೆ ಹೊಂದುವುದು 1907ರ ಮಾದರಿಯ, 17 ಅಂಗುಲ ಅಲಗಿನ ಬಯೋನೆಟ್. ಹಿಡಿಯ ಬಳಿ ಕೊಕ್ಕೆಯಿರುವುದು ಸಿಕ್ಕರೆ ಅದು ಆರಂಭದ ವರ್ಷಗಳ ತಯಾರಿಕೆಯಾದ್ದರಿಂದ ಬೆಲೆ ಹೆಚ್ಚು. 12 ಅಂಗುಲದ್ದಾದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಬಂದ ಗಿಡ್ಡ ಮಾದರಿ, ನಿಮ್ಮ 1917ಕ್ಕೆ ಒಪ್ಪದು. ಮುಂದೆ ಬಂದ ನಂಬರ್ 4 ಮಾದರಿ ರೈಫಲ್ಲಿನ ಮೊಳೆಯಂಥ ಬಯೋನೆಟ್ ಇದಕ್ಕೆ ಕೂರುವುದೇ ಇಲ್ಲ. ಕೊಳ್ಳುವ ಮೊದಲು ಅಲಗಿನ ಬುಡದಲ್ಲಿ ಒತ್ತಿರುವ ತಿಂಗಳು, ವರ್ಷಗಳನ್ನು ಭೂತಗನ್ನಡಿ ಹಿಡಿದು ಓದಿರಿ. ಬಿಗಿಯಾಗಿ ಕೂರದಿದ್ದರೆ ಅರ ಹಾಕಿ ಉಜ್ಜಬೇಡಿ. ಉಜ್ಜಿದ ಲೋಹ ಮರಳಿ ಬರುವುದಿಲ್ಲ.

ಪಟ್ಟಿಯ ವಿಷಯದಲ್ಲಿ ನನ್ನ ಒಲವು ಹಿತ್ತಾಳೆ ತುದಿಯ ಹತ್ತಿ ನೇಯ್ಗೆಯದರ ಕಡೆಗೆ, ಏಕೆಂದರೆ ನಮ್ಮ ಬಳ್ಳಾರಿಯ ಬಿಸಿಲಿಗೆ ಚರ್ಮ ಬಿರಿಯುತ್ತದೆ. ರೈಫಲ್ಲಿನ ಹಿಂಬದಿಯ ಹಿತ್ತಾಳೆ ತಟ್ಟೆಯ ಸಣ್ಣ ಮುಚ್ಚಳ ತೆರೆದು ನೋಡಿದ್ದೀರಾ? ಎಣ್ಣೆ ಬುಡ್ಡಿ ಮತ್ತು ನಳಿಗೆ ಒರೆಸುವ ಹಗ್ಗ ಇರುತ್ತಿದ್ದುದು ಅಲ್ಲಿಯೇ. ತಾತನವರದೇ ಒಳಗೆ ಉಳಿದಿದ್ದರೆ ಬೇರೆ ಹುಡುಕುವ ಅಗತ್ಯವಿಲ್ಲ. ಮರಕ್ಕೆ ವಾರ್ನಿಷ್ ಬೇಡ, ಗಾಣದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ತಿಕ್ಕಿದರೆ ಸಾಕು. ಹಿತ್ತಾಳೆಯನ್ನು ಹುಣಸೆಹಣ್ಣಿನಿಂದ ಬೆಳಗುವ ಆಸೆಯನ್ನು ಮಾತ್ರ ಮನೆಯವರೆಲ್ಲರೂ ತಡೆದುಕೊಳ್ಳಬೇಕು.