ಪ್ರತಿಕ್ರಿಯೆ: ಪೋರ್ಟ್‌ಮೇರಿಯನ್‌ನ ಕಂಬಸಾಲು ಮತ್ತು ನಿಮ್ಮ ತೋಟದ ಕಲ್ಲುಕಂಬ
ವೇಲ್ಸ್‌ನ ಪೋರ್ಟ್‌ಮೇರಿಯನ್ ಎಂಬ ಪ್ರವಾಸಿ ಹಳ್ಳಿಯಲ್ಲಿರುವ ಬ್ರಿಸ್ಟಲ್ ಕಂಬಸಾಲು ಹಳೆಯದೋ ನಕಲೋ ಎಂದು ಕೇಳಿದ್ದೀರಿ. ಅಸಲಿಯೇ. ಸುಮಾರು 1760ರಲ್ಲಿ ಬ್ರಿಸ್ಟಲ್‌ನ ಸ್ನಾನಗೃಹವೊಂದರ ಮುಂದೆ ಕಟ್ಟಿದ್ದು. ಹಾಳಾಗುತ್ತಿದ್ದುದನ್ನು ಆ ಹಳ್ಳಿಯನ್ನು ಕಟ್ಟಿದ ವಾಸ್ತುಶಿಲ್ಪಿ ಕ್ಲಫ್ ವಿಲಿಯಮ್ಸ್-ಎಲ್ಲಿಸ್ 1950ರ ದಶಕದ ಕೊನೆಗೆ ಬಿಚ್ಚಿಸಿ ತಂದು ಜೋಡಿಸಿದರು. ಅಲ್ಲಿನ ಗ್ಲೋರಿಯೆಟ್ ಎಂಬ ಅಲಂಕಾರದ ಕಟ್ಟಡದ ಕಂಬಗಳೂ ಹಳೆಯವೇ, ಇಂಗ್ಲೆಂಡಿನ ಚೆಷೈರ್‌ನ ಹೂಟನ್ ಹಾಲ್ ಎಂಬ ಬಂಗಲೆಯವು.

ಇನ್ನು ಅಂಥ ಹಳೆ ಕಂಬ ನಿಮ್ಮ ಕಡಲಬದಿಯ ತೋಟದಲ್ಲಿ ನಿಲ್ಲಿಸುವ ವಿಷಯ. ಕಂಬದ ಕಲ್ಲುಗಳನ್ನು ಹಿಡಿದಿಡಲು ಒಳಗೆ ಕಬ್ಬಿಣದ ಗೂಟ ಹಾಕಲೇಬೇಡಿ. ಉಪ್ಪುಗಾಳಿಗೆ ತುಕ್ಕು ಹಿಡಿದು ಉಬ್ಬುತ್ತದೆ, ಕಲ್ಲು ಸೀಳುತ್ತದೆ. ಸಂದಿಯಿಂದ ಕಂದು ಗೆರೆ ಇಳಿದಿದ್ದರೆ ಒಳಗಿನ ಗೂಟ ತುಕ್ಕು ಹಿಡಿದಿದೆ ಅಂತಲೇ ತಿಳಿಯಿರಿ. ಉಪ್ಪಿಗೆ ಸುಲಭವಾಗಿ ತುಕ್ಕು ಹಿಡಿಯದ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಗೂಟ, ಸಂದಿಗೆ ಸುಣ್ಣದ ಗಾರೆ ಬಳಸಿ. ಗಟ್ಟಿ ಸಿಮೆಂಟು ತೇವ ಬಿಡುವುದಿಲ್ಲ. ಆಗ ಉಪ್ಪು ಮೆದುಕಲ್ಲಿನ ಮೈಯಲ್ಲೇ ಹರಳುಗಟ್ಟಿ ಪದರ ಪದರ ಏಳಿಸುತ್ತದೆ. ಹಳೆ ಕಂಬ ಬಿಚ್ಚುವ ಮುಂಚೆ ನಾಲ್ಕೂ ಕಡೆ ಫೋಟೊ ತೆಗೆಯಿರಿ. ಮತ್ತೆ ಅದೇ ಕ್ರಮದಲ್ಲಿ ಜೋಡಿಸಲು ಕಲ್ಲಿನ ನಂಬರನ್ನು ಸಂದಿಯೊಳಗೆ ಮುಚ್ಚಿಹೋಗುವ ಮೇಲ್ಮುಖದ ಮೇಲೆ ಮಾತ್ರ ಬರೆಯಿರಿ; ಮುಂಬದಿಗೆ ಬಣ್ಣ ತಾಗಿದರೆ ಕಲೆ ಹೋಗುವುದು ಕಷ್ಟ.