ಗೋಡೆ ಬೆವರುತ್ತಿದ್ದರೆ ಪ್ಲೈವುಡ್ ಏನು ಮಾಡೀತು?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳೇ ಮನೆ. 7 ಅಡಿ ಎತ್ತರ, 6 ಅಡಿ ಅಗಲದ ವಾರ್ಡ್‌ರೋಬ್ ಮಾಡಿಸಬೇಕು. ಆಚಾರ್ರು ಪೂರ್ತಿ 710 ಪ್ಲೈ ಹಾಕಿ ಅನ್ನುತ್ತಾರೆ. ಅಂಗಡಿಯವರು ಎಚ್‌ಡಿಎಚ್‌ಎಂಆರ್ (ತೇವ ತಡೆಯುವ, ಮರದ ನಾರಿನ ಗಟ್ಟಿ ಹಲಗೆ) ಸಾಕು ಅನ್ನುತ್ತಾರೆ. ನಮ್ಮ ಭಾವನವರಿಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಮೇಲೆ ಪ್ರೀತಿ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿ, ಆದರೆ ಅದಕ್ಕೂ ಮೊದಲು ಗೋಡೆಯನ್ನು ಕೇಳಿ. ಒಂದಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ಹನಿ ಕಟ್ಟಿದ್ದರೆ ಗೋಡೆಯೊಳಗೇ ನೀರಿದೆ. ಅದನ್ನು ಸರಿಮಾಡದೆ ಎಷ್ಟು ದುಬಾರಿ ಹಲಗೆ ತಂದರೂ ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

710 ಅಂದರೆ ಐಎಸ್ 710, ಮರೈನ್ ಪ್ಲೈನ ಮಾನದಂಡ. 72 ಗಂಟೆ ಕುದಿಸಿದರೂ ಪದರ ಬಿಡುವುದಿಲ್ಲ ಅನ್ನುತ್ತಾರಲ್ಲ, ಅದು ಅಂಟಿನ ಮಾತು. ಮರ ತೇವ ಕುಡಿದೇ ಕುಡಿಯುತ್ತದೆ. ಹಾಗಾಗಿ ಇಡೀ ವಾರ್ಡ್‌ರೋಬಿಗೆ 710 ಸುಮ್ನೆ ಖರ್ಚು. ನೆಲಕ್ಕೆ ಹತ್ತಿರವಿರುವ ತಳದ ಹಲಗೆಗೆ ಮಾತ್ರ ಅದನ್ನು ಹಾಕಿಸಿ. ಪಕ್ಕದ ಹಲಗೆ, ಅಡ್ಡ ತಟ್ಟುಗಳಿಗೆ 18 ಎಂಎಂ ಬಿಡಬ್ಲ್ಯುಆರ್ ಪ್ಲೈ (ಕುದಿಯುವ ನೀರಿಗೂ ಅಂಟು ಬಿಡದ್ದು) ಸಾಕು. ಕಮರ್ಷಿಯಲ್ ಅಂತ ಕೊಡುವ ಎಂಆರ್ ಪ್ಲೈ (ಬರೀ ಗಾಳಿಯ ತೇವ ತಡೆಯುವುದು) ಒಣ ಊರಿನ ಒಳಕೋಣೆಗೆ ನಡೆಯುತ್ತದೆ, ಕರಾವಳಿಗೆ ಬೇಡ.

ಬಾಗಿಲಿಗೆ ಮಾತ್ರ ಲೆಕ್ಕವೇ ಬೇರೆ. 7 ಅಡಿ ಉದ್ದದ ಪ್ಲೈ ಬಾಗಿಲು ಬಾಗುತ್ತದೆ. ನಮ್ಮ ಮನೆಯಲ್ಲೇ ಬಿಲ್ಲಿನ ಹಾಗೆ ಬಾಗಿ ಕೂತಿದೆ, ತಪ್ಪು ನನ್ನದೇ, ದುಡ್ಡು ಉಳಿಸೋಣ ಅಂತ ಹೊರಗಡೆ 1 ಎಂಎಂ ಮೈಕಾ ಅಂಟಿಸಿ ಒಳಗಡೆ ಬರೀ ಬಣ್ಣ ಹೊಡೆಸಿದ್ದೆ. ಒಂದು ಮುಖ ತೇವ ಎಳೆದುಕೊಂಡು ಇನ್ನೊಂದು ಎಳೆದುಕೊಳ್ಳದಿದ್ದರೆ ಹಲಗೆ ಬಾಗದೆ ಏನು ಮಾಡುತ್ತೆ? ಉದ್ದ ಬಾಗಿಲಿಗೆ ಬ್ಲಾಕ್‌ಬೋರ್ಡ್ ಒಳ್ಳೆಯದು. ಒಳಗೆ ಪೈನ್‌ನಂಥ ಮರದ ಪಟ್ಟಿಗಳಿರುತ್ತವೆ, ಹಗುರ, ಬಾಗುವುದೂ ಕಡಿಮೆ. 18 ಎಂಎಂ ದಪ್ಪದ 8x4 ಅಡಿ ಎಂಡಿಎಫ್ ಹಾಳೆ ಹೆಚ್ಚುಕಡಿಮೆ 40 ಕೆಜಿ ತೂಗುತ್ತದೆ, ಬಾಗಿಲಿನ ಭಾರವನ್ನೆಲ್ಲ ಹಿಂಜ್‌ಗಳೇ ಹೊರಬೇಕು. ಯಾವ ಹಲಗೆ ಹಾಕಿದರೂ ಒಳಮುಖಕ್ಕೂ 0.8 ಎಂಎಂ ಲೈನರ್ (ಒಳಗಡೆಗೆ ಹಾಕುವ ತೆಳು ಮೈಕಾ) ಅಂಟಿಸಲೇಬೇಕು.

ಹಾಗಾದರೆ ಭಾವನವರ ಎಂಡಿಎಫ್? ನುಣುಪು ನಿಜ, ಪೇಂಟ್ ಮಾಡಿಸುವವರಿಗೆ ಅದೇ ಚೆಂದ. ಆದರೆ ಅಂಚಿನಲ್ಲಿ ಸ್ಕ್ರೂ ಹಿಡಿಯುವುದು ಕಷ್ಟ, ನೀರು ತಾಗಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಎಚ್‌ಡಿಎಚ್‌ಎಂಆರ್ ಅದರ ಗಟ್ಟಿ ಅಣ್ಣ, ಗಾಳಿಯ ತೇವ ತಡೆಯುತ್ತದೆ, ಆದರೆ ನಿಂತ ನೀರಿನಲ್ಲಿ ಕೂರಿಸಬೇಡಿ. ಡ್ರಾಯರ್ ಮುಖಗಳಿಗೆ, ಚಿಕ್ಕ ಬಾಗಿಲುಗಳಿಗೆ ಧಾರಾಳವಾಗಿ ಬಳಸಿ.

ಹಿಂಬದಿಗೆ 6 ಎಂಎಂ ಪ್ಲೈ ಹಾಕಿಸಿ, ಗೋಡೆಯಿಂದ ಒಂದಿಂಚು ಬಿಟ್ಟು. ಕೆಳಗೆ ಕಡಪ ಕಲ್ಲಿನ ಪಟ್ಟಿ ಕೂರಿಸಿ ನೆಲದಿಂದ 3-4 ಇಂಚು ಎತ್ತರಿಸಿ. ದಿನಾ ನೆಲ ಒರೆಸುವ ಬಟ್ಟೆಯಿಂದ ಹಾಳಾಗುವ ವಾರ್ಡ್‌ರೋಬುಗಳು ಕಡಿಮೆ ಏನಿಲ್ಲ. ಮತ್ತೆ, ಆಳ 2 ಅಡಿಯೊಳಗೆ ಇರಲಿ, 4 ಅಡಿ ಅಗಲದ ಹಾಳೆಯನ್ನು ಸರಿಯಾಗಿ ಎರಡು ಮಾಡಬಹುದು, ಹ್ಯಾಂಗರ್‌ಗೂ ಸಾಕಾಗುತ್ತದೆ.

ಪ್ರಶ್ನೆ: ಬೆಂಗಳೂರಿನ ಬಾಡಿಗೆ ಮನೆ. ರೆಡಿಮೇಡ್ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ವಾರ್ಡ್‌ರೋಬಿನ 3 ಅಡಿ ತಟ್ಟು ಮಧ್ಯದಲ್ಲಿ ಜೋತುಬಿದ್ದಿದೆ. ಎಸೆಯಬೇಕಾ?

ಉತ್ತರ: ಬೇಡ ಬಿಡಿ. ತಟ್ಟನ್ನು ಬಿಚ್ಚಿ ತಲೆಕೆಳಗು ಮಾಡಿ ಹಾಕಿ, ಮುಂದಿನ ಅಂಚಿನ ಕೆಳಗೆ ಒಂದೂವರೆ ಇಂಚಿನ ಮರದ ಪಟ್ಟಿ ಉದ್ದಕ್ಕೂ ಹೊಡೆಸಿ. ಪಾರ್ಟಿಕಲ್ ಬೋರ್ಡಿಗೆ 2 ಅಡಿ ಮೀರಿದ ತಟ್ಟು ಅಂದರೆ ನಡುವೆ ಆಸರೆ ಬೇಕೇ ಬೇಕು. ರೇಷ್ಮೆ ಸೀರೆ, ಕಂಬಳಿ ರಾಶಿ ಎಲ್ಲ ತಳಕ್ಕೆ ಇಳಿಸಿ. ಹಿಂಜ್ ಸ್ಕ್ರೂ ಸಡಿಲವಾಗಿದ್ದರೆ ಅದೇ ತೂತಿಗೆ ದಪ್ಪ ಸ್ಕ್ರೂ ತಿರುಗಿಸಬೇಡಿ, ಪುಡಿಯಾಗುತ್ತೆ. ತೂತಿಗೆ ಫೆವಿಕಾಲ್ ಹಚ್ಚಿದ ಮರದ ಗೂಟ ಬಡಿದು, ಒಂದು ದಿನ ಒಣಗಿಸಿ, ಆಮೇಲೆ ಸ್ಕ್ರೂ ಹಾಕಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೇಳಿದ ಅಂಗಡಿಯಲ್ಲೆಲ್ಲ ಐಎಸ್‌ಐ ಮಾಲು ಅಂತಾರೆ. ಅಸಲಿ ಅಂತ ಗೊತ್ತಾಗೋದು ಹೇಗೆ?

ಉತ್ತರ: ಐಎಸ್‌ಐ ಮುದ್ರೆಯ ಜೊತೆ ಸಿಎಂ/ಎಲ್ ಅಂತ ಒಂದು ಲೈಸೆನ್ಸ್ ನಂಬರ್ ಇರುತ್ತದೆ. ಅದನ್ನು ಐಎಸ್‌ಐ ಮುದ್ರೆ ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿ, ಲೈಸೆನ್ಸ್ ಇದೆಯೋ ಇಲ್ಲವೋ ತಿಳಿಯುತ್ತದೆ. ಇನ್ನೊಂದು ನಾಲ್ಕು ಕಾಸಿನ ಪರೀಕ್ಷೆ ಇದೆ. ಬಿಡಬ್ಲ್ಯುಆರ್ ಅಂತ ಹೇಳಿದ ಹಾಳೆಯಿಂದ ಅಂಗೈಯಷ್ಟು ತುಂಡು ಕೇಳಿ ತಂದು ಹಳೇ ಪಾತ್ರೆಯಲ್ಲಿ ನಾಲ್ಕೈದು ಗಂಟೆ ಕುದಿಸಿ. ಪದರ ಬಿಟ್ಟರೆ ಆ ತುಂಡನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಅಡುಗೆಗೆ ಬಳಸುವ ಪಾತ್ರೆ ಮಾತ್ರ ಮುಟ್ಟಬೇಡಿ, ಕುದಿಸುವಾಗ ಕಿಟಕಿ ತೆಗೆದಿರಲಿ.