ಬಿಟ್ಟುಹೋದ ನಾಲ್ಕನೆಯ ವಚನ

ಬಹುಕಾಲ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮಂಗಳೂರಿನ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ದಾಸರ ಬಗ್ಗೆ ಇರುವ ಕಟ್ಟಳೆಗಳನ್ನು ಗುಲಾಮಗಿರಿ ಎಂದು ಕರೆಯುವುದು ಅನ್ಯಾಯ; ಸಾಲ ತೀರಿಸಲಾಗದವನು ಆರು ವರ್ಷ ದುಡಿದು ಏಳನೆಯ ವರ್ಷ ಬಿಡುಗಡೆ ಹೊಂದುತ್ತಿದ್ದ; ಅಂಥ ಕರುಣೆ ಅಂದಿನ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ; ಇಂದಿನ ಗುತ್ತಿಗೆ ಕಾರ್ಮಿಕನ ಪಾಡಿಗಿಂತ ಅದೇ ಮೇಲು. "ಸಂಪಾದಕರು ಇದನ್ನು ಒಪ್ಪುತ್ತಾರೆಯೇ?" ಎಂದು ಕೊನೆಗೆ ಕೇಳಿದ್ದಾರೆ.

ಮಾನ್ಯರೇ,

ವಚನಗಳ ಸಂಖ್ಯೆ ಹಾಕಿ ಪತ್ರ ಬರೆಯುವ ಓದುಗರು ಈಗ ಅಪರೂಪ. ಅದಕ್ಕಾಗಿ ಮೊದಲು ವಂದನೆ. ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಯಜಮಾನನ ಏಟಿಗೆ ದಾಸನ ಕಣ್ಣು ಹೋದರೆ, ಒಂದು ಹಲ್ಲು ಬಿದ್ದರೂ, ಅವನನ್ನು ಬಿಟ್ಟುಬಿಡಬೇಕೆಂದು ಹಳೆಯ ಒಡಂಬಡಿಕೆಯ ವಿಮೋಚನಕಾಂಡ ವಿಧಿಸುತ್ತದೆ. ಮನುಷ್ಯನನ್ನು ಕದ್ದು ಮಾರುವವನಿಗೆ ಅದೇ ಅಧ್ಯಾಯ ಮರಣದಂಡನೆ ಹೇಳುತ್ತದೆ. ಇವು ಸಣ್ಣ ಮಾತುಗಳಲ್ಲ.

ಆದರೆ ‘ಬೇರೆಲ್ಲೂ ಇರಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಬಾಬಿಲೋನಿನ ಅರಸ ಹಮ್ಮುರಾಬಿಯ ಶಾಸನದ 117ನೆಯ ಕಟ್ಟಳೆಯ ಪ್ರಕಾರ, ಸಾಲಕ್ಕಾಗಿ ಮಾರಿದ ಹೆಂಡತಿ ಮಕ್ಕಳು ಮೂರು ವರ್ಷ ದುಡಿದು ನಾಲ್ಕನೆಯ ವರ್ಷ ಬಿಡುಗಡೆ ಹೊಂದಬೇಕು. ವರ್ಷಗಳ ಲೆಕ್ಕದಲ್ಲಿ ಅವನೇ ಉದಾರಿ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿತು. ವಿಮೋಚನಕಾಂಡದ 21ನೆಯ ಅಧ್ಯಾಯದಿಂದ 2, 3, 5 ಮತ್ತು 6ನೆಯ ವಚನಗಳನ್ನು ನೀವು ಉದ್ಧರಿಸಿದ್ದೀರಿ, 4ನೆಯದನ್ನು ಬಿಟ್ಟಿದ್ದೀರಿ. ಯಜಮಾನನೇ ದಾಸನಿಗೆ ಹೆಣ್ಣು ಕೊಟ್ಟು ಮದುವೆ ಮಾಡಿಸಿದ್ದರೆ, ಆ ಹೆಂಡತಿಯೂ ಅವಳಿಗೆ ಹುಟ್ಟಿದ ಮಕ್ಕಳೂ ಯಜಮಾನನ ಪಾಲು, ಗಂಡ ಒಬ್ಬನೇ ಹೊರಡಬೇಕು ಎಂದು ಹೇಳುವುದು ಆ ವಚನವೇ. ‘ನನ್ನ ಯಜಮಾನನನ್ನು ಪ್ರೀತಿಸುತ್ತೇನೆ, ಬಿಡುಗಡೆ ಬೇಡ’ ಎಂದು ದಾಸ ಹೇಳುವುದು, ಅವನನ್ನು ಬಾಗಿಲ ಬಳಿಗೆ ಕರೆತಂದು ದಬ್ಬಳದಿಂದ ಕಿವಿ ಚುಚ್ಚುವುದು, ಇವೆಲ್ಲ ಅದರ ನಂತರ ಬರುತ್ತವೆ. 4ನೆಯ ವಚನ ಓದಿಕೊಂಡು 5ನೆಯದಕ್ಕೆ ಹೋದವನಿಗೆ ಆ ‘ಪ್ರೀತಿ’ಯಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಹೋಗಲಾರದ ಮನುಷ್ಯನೊಬ್ಬ ಕಾಣುತ್ತಾನೆ. ನೀವು ಅದನ್ನು ಯಜಮಾನನ ಒಳ್ಳೆಯತನಕ್ಕೆ ಸಾಕ್ಷಿಯೆಂದು ಕರೆದಿದ್ದೀರಿ.

ಇದು ನನಗೆ ಇಷ್ಟು ನಾಟುವುದಕ್ಕೆ ಕಾರಣವಿದೆ. ನನ್ನ ತಾತನ ಮನೆಯಲ್ಲಿ ಜೀತಕ್ಕಿದ್ದ ಒಬ್ಬರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅವರ ತಂದೆ ಮಾಡಿದ್ದ ಸಾಲಕ್ಕೆ ಅವರು ದುಡಿಯುತ್ತಿದ್ದರು. ಯುಗಾದಿಗೊಂದು ಪಂಚೆ ಕೊಡುತ್ತಿದ್ದುದನ್ನು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಿದ್ದರು: "ಮನೆ ಮಗನ ಹಾಗೆ ನೋಡಿಕೊಂಡಿದ್ದೇವೆ, ಹೋಗು ಎಂದರೂ ಹೋಗುವುದಿಲ್ಲ." ಆ ಮನೆ ಮಗ ಉಣ್ಣುತ್ತಿದ್ದುದು ಕೊಟ್ಟಿಗೆಯ ಜಗಲಿಯ ಮೇಲೆ. ಹೋಗುವುದಾದರೂ ಎಲ್ಲಿಗೆ ಎಂದು ಯಾರೂ ಕೇಳಿದ ನೆನಪಿಲ್ಲ, ನಾನೂ ಕೇಳಲಿಲ್ಲ.

ಭಾಷೆಯೂ ಇಲ್ಲಿ ನಮಗೆ ಸ್ವಲ್ಪ ಮೋಸ ಮಾಡುತ್ತದೆ. ಕನ್ನಡ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಇರುವ ಮಾತು ‘ದಾಸ’. ಪುರಂದರದಾಸರನ್ನೂ ಕನಕದಾಸರನ್ನೂ ಕೇಳಿ ಬೆಳೆದ ಕಿವಿಗೆ ಅದು ತಂಬೂರಿಯ ಶ್ರುತಿಯೊಂದಿಗೇ ಬಂದು ಬೀಳುತ್ತದೆ. ಹೀಬ್ರೂವಿನ ‘ಎವೆದ್’ ಕೂಡ ಹಾಗೆಯೇ ಅಗಲವಾದ ಮಾತು. ದೇವರ ಸೇವಕನೂ ಎವೆದ್, ಅರಸನ ಅಧಿಕಾರಿಯೂ ಎವೆದ್, ಹಣ ಕೊಟ್ಟು ಕೊಂಡವನೂ ಎವೆದ್. ಆದರೆ ಕೋಲಿನಿಂದ ಹೊಡೆಸಿಕೊಂಡ ದಾಸ ಒಂದೆರಡು ದಿನ ಬದುಕಿ ಉಳಿದರೆ ಯಜಮಾನನಿಗೆ ಶಿಕ್ಷೆಯಿಲ್ಲ, ಏಕೆಂದರೆ ಅವನು ಯಜಮಾನನ ಹಣ ಎಂದು ಅದೇ ಅಧ್ಯಾಯದ 21ನೆಯ ವಚನ ಹೇಳುವಾಗ, ಅಲ್ಲಿ ತಂಬೂರಿ ಕೇಳಿಸುವುದಿಲ್ಲ. ಆರು ವರ್ಷದ ಅವಧಿಯಾದರೂ ಇಬ್ರಿಯನಿಗೆ, ಅಂದರೆ ಇಸ್ರಾಯೇಲ್ಯನಿಗೆ, ಮಾತ್ರ. ಸುತ್ತಲಿನ ಜನಾಂಗಗಳಿಂದ ಕೊಂಡವರನ್ನು ಮಕ್ಕಳಿಗೆ ಸ್ವಾಸ್ತ್ಯವಾಗಿ ಬಿಟ್ಟುಹೋಗಬಹುದೆಂದು ಯಾಜಕಕಾಂಡದ 25ನೆಯ ಅಧ್ಯಾಯ ಅನುಮತಿ ಕೊಡುತ್ತದೆ. ಗುತ್ತಿಗೆ ಕಾರ್ಮಿಕನ ಪಾಡು ಕೆಟ್ಟದ್ದೇ. ಆದರೂ ಅವನನ್ನು ಯಾರೂ ತಮ್ಮ ಮಗನಿಗೆ ಆಸ್ತಿಯಾಗಿ ಬರೆದುಕೊಡಲಾರರು.

ಹಾಗೆಂದು ಗ್ರಂಥವನ್ನು ಮುಚ್ಚಿಡಿ ಎನ್ನುವವನು ನಾನಲ್ಲ. ನನಗೆ ಬಲು ಪ್ರಿಯವಾದ ಕಟ್ಟಳೆಯೊಂದು ಅಲ್ಲೇ ಇದೆ, ನೀವು ಅದನ್ನೂ ಬಿಟ್ಟಿದ್ದೀರಿ. ಯಜಮಾನನಿಂದ ತಪ್ಪಿಸಿಕೊಂಡು ಬಂದ ದಾಸನನ್ನು ಹಿಂದಕ್ಕೆ ಒಪ್ಪಿಸಬೇಡ, ಅವನು ತಾನು ಮೆಚ್ಚಿದ ಊರಿನಲ್ಲಿ ನಿನ್ನ ನಡುವೆ ವಾಸಿಸಲಿ ಎನ್ನುತ್ತದೆ ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ. ಅದೇ ಹಮ್ಮುರಾಬಿ ಓಡಿಬಂದವನನ್ನು ಮನೆಯಲ್ಲಿ ಬಚ್ಚಿಟ್ಟವನಿಗೆ ಮರಣದಂಡನೆ ವಿಧಿಸಿದ್ದ. ಗುಲಾಮಗಿರಿಯನ್ನು ಒಪ್ಪುವ ಗ್ರಂಥವೇ ಅದರ ಬೇಲಿಯಲ್ಲಿ ಇಷ್ಟು ದೊಡ್ಡ ಕಿಂಡಿ ಬಿಟ್ಟದ್ದು ಹೇಗೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. 1850ರಲ್ಲಿ ಅಮೆರಿಕದ ಸಂಸತ್ತು ತಲೆಮರೆಸಿಕೊಂಡ ಗುಲಾಮರನ್ನು ಹಿಡಿದೊಪ್ಪಿಸುವ ಕಾನೂನು ಮಾಡಿದಾಗ ವಿರೋಧಿಗಳು ಎತ್ತಿ ಹಿಡಿದದ್ದು ಇದೇ ವಚನವನ್ನು. ಎದುರಿನವರ ಕೈಯಲ್ಲಿದ್ದದ್ದೂ ಅದೇ ಬೈಬಲ್. ಅವರಿಗೆ ಬೇಕಾದದ್ದು ಯಾಜಕಕಾಂಡದ ಪುಟ ಮಾತ್ರ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಇಸ್ರಾಯೇಲ್ಯರು ಹೊರಟುಬಂದ ಕಥೆಯೇ ಅದರಲ್ಲಿರಲಿಲ್ಲ. ಯಜಮಾನರಿಗೆ ವಿಧೇಯರಾಗಿರಿ ಎಂಬ ಅಪೊಸ್ತಲ ಪೌಲನ ಮಾತು ಭದ್ರವಾಗಿ ಉಳಿದಿತ್ತು.

ವಚನ ಬಿಡುವ ಈ ಕೈಚಳಕ ಒಂದು ಧರ್ಮದವರ ಸ್ವತ್ತಲ್ಲ. ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಸ್ಮೃತಿಯನ್ನು ಸಮರ್ಥಿಸುವವರೂ ಬೈಬಲನ್ನು ಸಮರ್ಥಿಸುವವರೂ ‘ಆ ಕಾಲಕ್ಕೆ ಅದು ಪ್ರಗತಿಪರ’ ಎಂಬ ಒಂದೇ ವಾಕ್ಯ ಬರೆಯುತ್ತಾರೆ. ‘ಆ ಕಾಲ’ದಲ್ಲಿ ಏಟು ತಿಂದವನೂ ಇದ್ದನಲ್ಲ, ಅವನ ಅಭಿಪ್ರಾಯ ಯಾರಿಗೂ ಬೇಡ. ಬೇಕಾದವರಿಗೆ ಅದು ಬೈಬಲಿನಲ್ಲೇ ಸಿಗುತ್ತದೆ. ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ಅರಸ ಚಿದ್ಕೀಯ ಇಬ್ರಿಯ ದಾಸರನ್ನೆಲ್ಲ ಬಿಡಿಸಿದ. ಸೈನ್ಯ ಹಿಂದೆ ಸರಿದ ಕೂಡಲೇ ಯಜಮಾನರು ಅವರನ್ನು ಮತ್ತೆ ಹಿಡಿದು ತಂದರು. ಅದಕ್ಕೆ ಪ್ರವಾದಿ ಯೆರೆಮೀಯ ಸಿಡಿದೆದ್ದದ್ದು ಅವನ ಗ್ರಂಥದ 34ನೆಯ ಅಧ್ಯಾಯದಲ್ಲಿದೆ. ಏಳನೆಯ ವರ್ಷದ ಬಿಡುಗಡೆ ಕಾಗದದ ಮೇಲೆ ಇದ್ದದ್ದು ನಿಜ. ಅದನ್ನು ಪಿತೃಗಳು ಪಾಲಿಸಲೇ ಇಲ್ಲ ಎಂದು ಆ ಪ್ರವಾದಿಯೇ ಸಾರುತ್ತಾನೆ.

ಇಂದಿಗೆ ಏನು ಪ್ರಯೋಜನ ಎಂದು ಕೇಳಿದ್ದೀರಿ. ಬಿಡುಗಡೆಯಾದವನನ್ನು ಬರಿಗೈಯಲ್ಲಿ ಕಳಿಸಬೇಡ, ಹಿಂಡು, ಕಣ, ದ್ರಾಕ್ಷೆಯ ಆಲೆಗಳಿಂದ ಧಾರಾಳವಾಗಿ ಕೊಡು ಎಂಬ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯವನ್ನು ನಮ್ಮ ಜೀತವಿಮುಕ್ತರ ಕಡತಗಳ ಪಕ್ಕದಲ್ಲಿಟ್ಟು ಓದಿ. 1976ರ ಜೀತಪದ್ಧತಿ ರದ್ದತಿ ಕಾಯಿದೆ ಸಾಲವನ್ನು ಅಳಿಸಿತು, ಜೀತವನ್ನು ಅಪರಾಧವೆಂದಿತು. ಆದರೆ 2016ರ ಕೇಂದ್ರ ಯೋಜನೆ, ಒಂದಿಷ್ಟು ತಕ್ಷಣದ ನೆರವು ಬಿಟ್ಟರೆ, ಪುನರ್ವಸತಿಯ ಪೂರ್ಣ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದರೊಂದಿಗೆ ಗಂಟುಹಾಕಿತು. ಕಣದಿಂದ ಧಾನ್ಯ ಅಳೆದು ಕೊಡು ಎಂದವನು ಮೊಕದ್ದಮೆ ಮುಗಿಯಲಿ ಎನ್ನಲಿಲ್ಲ.

ನಿಮ್ಮ ಪತ್ರವನ್ನು ಈ ಸಂಚಿಕೆಯಲ್ಲಿ ಒಂದಕ್ಷರ ಬಿಡದೆ ಅಚ್ಚುಹಾಕಿದ್ದೇವೆ. ಬಾಗಿಲ ಬಳಿ ಗಂಡನ ಕಿವಿ ಚುಚ್ಚುವುದನ್ನು ನೋಡುತ್ತ ನಿಂತ ಆ ಹೆಂಗಸಿನ ಬಗ್ಗೆ ನೀವು ಮತ್ತೆ ಬರೆದರೆ, ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಕಾದಿರಿಸುತ್ತೇನೆ.

— ಸಂಪಾದಕ